ಸಭೆಯಲ್ಲಿ ಆಡುವ ಮಾತು, ಆಡದ ಮಾತು

ಜುಮುಅದ ಖುತ್ಬಾ ನಡೆಯುತ್ತಿರುವಾಗ ಪಕ್ಕದಲ್ಲಿ ಮಾತನಾಡುತ್ತಿರುವವನಿಗೆ ‘ಸುಮ್ಮನಿರು’ ಎಂದರೂ ಅದು ವ್ಯರ್ಥ ಮಾತೇ ಆಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಬಂದಿರುವ ಹದೀಸ್ ಇದು. ಪ್ರಿಯ ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ‘ಸುಮ್ಮನಿರು’ ಎಂಬುದು ಬೈಗುಳವಲ್ಲ, ಸುಳ್ಳಲ್ಲ, ಹೇಳಿದವನ ಉದ್ದೇಶವೂ ಒಳ್ಳೆಯದೇ. ಆದರೂ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಅದು ‘ಲಗ್ವ್’. ಒಬ್ಬನ ಗದ್ದಲಕ್ಕೆ ಇನ್ನೊಬ್ಬನ ಗದ್ದಲ ಸೇರಿ, ಖುತ್ಬಾ ಕೇಳುತ್ತಿದ್ದವರ ಗಮನ ಒಂದರ ಬದಲು ಎರಡು ಸಲ ಕೆಟ್ಟಿತು.

ಚನ್ನಪಟ್ಟಣ ತಾಲೂಕಿನ ನಮ್ಮ ಹೊಂಗನೂರಿನಂತಹ ಊರುಗಳಲ್ಲಿ ನಾಲ್ಕು ಜನ ಕೂಡುವ ಜಾಗಗಳಿಗೇನೂ ಕೊರತೆಯಿಲ್ಲ. ಇಶಾ ನಮಾಝಿನ ನಂತರ ಮಸೀದಿಯ ಅಂಗಳ, ಜಮಾಅತಿನ ಸಭೆ, ಮದುವೆ ಮನೆ, ಚಹಾದಂಗಡಿ. ಯಾರೋ ಒಬ್ಬರು ಒಂದು ಪ್ರಶ್ನೆ ಕೇಳುತ್ತಾರೆ. ಅವರ ಮಾತು ಮುಗಿಯುವ ಮೊದಲೇ ಉತ್ತರಗಳ ಸಾಲು. ಒಬ್ಬರು ‘ನಾನೂ ಅದನ್ನೇ ಕೇಳಬೇಕೆಂದಿದ್ದೆ’ ಎನ್ನುತ್ತಾರೆ. ಇನ್ನೊಬ್ಬರು ‘ಇವರು ಹೇಳಿದ್ದೇ ಸರಿ’ ಎನ್ನುತ್ತಾರೆ. ಯಾವುದು ಸರಿ, ಯಾಕೆ ಸರಿ ಎಂಬುದಿಲ್ಲ. ಮೂರನೆಯವರದು ‘ಹಾಗಂತ ಯಾರೋ ಹೇಳಿದ ನೆನಪು’. ಅರ್ಧ ಗಂಟೆಯ ಬಳಿಕ ಕೇಳಿದವನು ಎದ್ದು ಹೋಗುವಾಗ ಬಂದಾಗ ಇದ್ದುದಕ್ಕಿಂತ ಹೆಚ್ಚು ಗೊಂದಲವನ್ನು ಹೊತ್ತುಕೊಂಡು ಹೋಗುತ್ತಾನೆ.

ಇಮಾಮ್ ಗಝ್ಝಾಲಿ (ನಿಧನ ಕ್ರಿ.ಶ. 1111) ತಮ್ಮ ‘ಇಹ್ಯಾ’ ಗ್ರಂಥದಲ್ಲಿ ನಾಲಗೆಯ 20 ಪಿಡುಗುಗಳನ್ನು ಎಣಿಸಿದ್ದಾರೆ. ಪರನಿಂದೆ, ಸುಳ್ಳು, ಚಾಡಿ ಎಲ್ಲವೂ ಅದರಲ್ಲಿವೆ. ಆದರೆ ಪಟ್ಟಿಯ ಮೊದಲನೆಯದು ಅವು ಯಾವುವೂ ಅಲ್ಲ. ತನಗೆ ಸಂಬಂಧವಿಲ್ಲದ ವಿಷಯದಲ್ಲಿ ಬಾಯಿ ಹಾಕುವುದೇ ಮೊದಲ ಪಿಡುಗು; ಎರಡನೆಯದು ಅಗತ್ಯಕ್ಕಿಂತ ಹೆಚ್ಚು ಮಾತು. ಉಳಿದ ದೊಡ್ಡ ಪಾಪಗಳೆಲ್ಲ ಈ ಸಣ್ಣ ಬಾಗಿಲಿನಿಂದಲೇ ಒಳಗೆ ಬರುತ್ತವೆ ಎಂದು ನನಗನಿಸುತ್ತದೆ.

ಬೆಲೆಯಿಲ್ಲದ ಉತ್ತರದಿಂದ ಸಮಯ ಹಾಳಾಗುತ್ತದೆ, ಇನ್ನೇನು ನಷ್ಟ ಎಂದು ಕೇಳುವವರಿದ್ದಾರೆ. ಅವರು ಅಬೂದಾವೂದ್‌ನಲ್ಲಿ ಹಝ್ರತ್ ಜಾಬಿರ್(ರ) ವರದಿ ಮಾಡಿದ ಘಟನೆಯನ್ನು ಓದಬೇಕು. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅಂಥ ಸ್ಥಿತಿಯಲ್ಲೇ ಅವರಿಗೆ ಸ್ನಾನ ಕಡ್ಡಾಯವಾಯಿತು. ನೀರಿನ ಬದಲು ತಯಮ್ಮುಮ್ ಮಾಡಬಹುದೇ ಎಂದು ಜೊತೆಯವರನ್ನು ಕೇಳಿದರು. ನೀರು ಸಿಗುವಾಗ ಆ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಗಾಯಾಳು ಸ್ನಾನ ಮಾಡಿದರು, ಮರಣಹೊಂದಿದರು. ಸುದ್ದಿ ತಲುಪಿದಾಗ ಪ್ರವಾದಿವರ್ಯರು(ಸ) ಆ ಜೊತೆಗಾರರೇ ಅವರನ್ನು ಕೊಂದರೆಂದರು. ತಿಳಿಯದಿದ್ದಾಗ ಅವರು ಕೇಳಬಾರದಿತ್ತೇ, ಅಜ್ಞಾನಕ್ಕೆ ಕೇಳುವುದೇ ಔಷಧವಲ್ಲವೇ ಎಂದು ನೊಂದು ನುಡಿದರು. ಉತ್ತರ ಹೇಳಿದವರು ದುಷ್ಟರಾಗಿರಲಿಲ್ಲ. ಕೇಳಿದವನಿಗೆ ಏನಾದರೂ ಹೇಳಲೇಬೇಕು ಎಂದುಕೊಂಡಿದ್ದರು, ಅಷ್ಟೆ.

ನಮ್ಮ ನಡುವೆ ಇಂದಿಗೂ ಇದೇ ನಡೆಯುತ್ತಿದೆ. ಗಂಡನು ಸಿಟ್ಟಿನಲ್ಲಿ ಏನೋ ಅಂದುಬಿಟ್ಟ. ಹುಡುಗಿಯ ಅಣ್ಣ ಬಂದು ನಾಲ್ಕು ಜನರ ಮುಂದೆ ವಿಷಯ ಇಡುತ್ತಾನೆ. ‘ಆಯಿತು, ಸಂಬಂಧ ಮುರಿಯಿತು’ ಎಂದು ಒಬ್ಬರು. ‘ಏನೂ ಆಗಿಲ್ಲ, ಕಳಿಸಿಕೊಡಿ’ ಎಂದು ಇನ್ನೊಬ್ಬರು. ಅವನು ಆಡಿದ ಮಾತು ಯಾವುದು, ಎಷ್ಟು ಸಲ, ಯಾವ ಸ್ಥಿತಿಯಲ್ಲಿ ಎಂದು ಇಬ್ಬರೂ ಕೇಳಲಿಲ್ಲ. ಒಂದೇ ಉಸಿರಿನ ಮೂರು ತಲಾಕನ್ನು ಸುಪ್ರೀಂ ಕೋರ್ಟು 2017ರಲ್ಲಿ ಅಸಿಂಧುಗೊಳಿಸಿದೆ, 2019ರ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದೆ ಎಂಬುದೂ ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಒಬ್ಬ ಹೆಣ್ಣುಮಗಳ ಬದುಕು, ಮಕ್ಕಳ ಬದುಕು ಈ ಉತ್ತರಗಳ ಮೇಲೆ ತೂಗುತ್ತಿರುತ್ತದೆ. ಇಲ್ಲಿ ಹೇಳಬಹುದಾದ ಉಪಯುಕ್ತ ಮಾತು ಒಂದೇ: ‘ನಮಗೆ ಗೊತ್ತಿಲ್ಲ, ಬಲ್ಲ ಆಲಿಮರ ಬಳಿಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ.’ ಇಮಾಮ್ ಮಾಲಿಕ್(ರ) ಅವರಲ್ಲಿ ಒಮ್ಮೆ 48 ಪ್ರಶ್ನೆಗಳನ್ನು ಕೇಳಲಾಯಿತೆಂದೂ 32ಕ್ಕೆ ಅವರು ತನಗೆ ತಿಳಿಯದು ಎಂದರೆಂದೂ ವರದಿಯಿದೆ. ಮದೀನದ ಇಮಾಮರಿಗೆ ಬಾರದ ನಾಚಿಕೆ ನಮಗೇಕೆ?

ರೇಷ್ಮೆಗೂಡಿನ ವ್ಯಾಪಾರ ಬಲ್ಲ ಮನೆಗಳಿಗೆ ಇನ್ನೊಂದು ಉದಾಹರಣೆ ಸುಲಭವಾಗಿ ಅರ್ಥವಾದೀತು. ರಾಮನಗರದ ಮಾರುಕಟ್ಟೆಯಲ್ಲಿ ರೈತನ ಗೂಡು ಹರಾಜಿಗೆ ಬರುತ್ತದೆ. ಈಗ ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ಹೇಳುತ್ತಾರೆ. ಕೊಳ್ಳುವ ಇರಾದೆಯೇ ಇಲ್ಲದೆ ಬೆಲೆ ಏರಿಸುವುದಕ್ಕೆ ‘ನಜ್‌ಶ್’ ಎನ್ನುತ್ತಾರೆ. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಿದ್ದಾರೆ. ಹಣ ಕೊಡುವವನ ಮಾತಿಗೆ ಮಾತ್ರ ಅಲ್ಲಿ ಬೆಲೆ. ಸಭೆಯ ಮಾತನ್ನೂ ಹೀಗೆಯೇ ಅಳೆದು ನೋಡಿ. ಮಸೀದಿಯ ಛಾವಣಿ ದುರಸ್ತಿಯ ಚರ್ಚೆಯಲ್ಲಿ ಮೂರು ಸಲ ಎದ್ದು ಮಾತನಾಡಿದವರು ಚಂದಾ ಪುಸ್ತಕ ಬಂದಾಗ ಚಪ್ಪಲಿ ಹುಡುಕುತ್ತಿರುತ್ತಾರೆ! (ಇದು ನಮ್ಮ ತಾಲೂಕಿಗಷ್ಟೇ ಸೀಮಿತವಾದ ರೋಗವಲ್ಲ.)

ಕೇಳಿದ್ದನ್ನೆಲ್ಲ ಹೇಳಿಬಿಡುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸ್ ಮುಸ್ಲಿಮ್‌ನಲ್ಲಿದೆ. ಭಯದ ಸುದ್ದಿಯೊಂದು ಬಂದೊಡನೆ ಹರಡಿಬಿಡುವವರನ್ನು ಕುರ್‌ಆನ್ ಸೂರಃ ಅನ್ನಿಸಾದ 83ನೆಯ ಸೂಕ್ತದಲ್ಲಿ ಖಂಡಿಸಿ, ಅದನ್ನು ಹೊಣೆಗಾರರ ಮುಂದೆ ಇಡಬೇಕೆಂದು ಕಲಿಸಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಹೈದರಾಬಾದ್ ಕಡೆಯ ಯುವಕರನ್ನು ಮಕ್ಕಳ ಕಳ್ಳರೆಂದು ಭಾವಿಸಿ ಗುಂಪು ಥಳಿಸಿತು. ಒಬ್ಬ ತರುಣ ಪ್ರಾಣ ಕಳೆದುಕೊಂಡ. ಆ ದಿನಗಳಲ್ಲಿ ‘ನಮ್ಮ ಕಡೆಯೂ ಬಂದಿದ್ದಾರಂತೆ’ ಎಂದು ಒಂದು ಸಾಲು ಸೇರಿಸಿ ಸುದ್ದಿ ದಾಟಿಸಿದವರೆಷ್ಟೋ. ಅವರಲ್ಲಿ ಯಾರೂ ಕೋಲು ಹಿಡಿದಿರಲಿಲ್ಲ.

ಹಾಗಾದರೆ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ? ಇಲ್ಲ. ಚಿಕ್ಕ ಮಾತೆಲ್ಲ ಬೆಲೆಯಿಲ್ಲದ ಮಾತೂ ಅಲ್ಲ. ಸಲಾಮಿಗೆ ಉತ್ತರ ಮೂರು ಪದದ್ದಾದರೂ ಅದು ಕಡ್ಡಾಯ. ಮೈಯ್ಯತ್ತಿನ ಮನೆಯಲ್ಲಿ ಹತ್ತು ಜನ ಒಂದೇ ಸಾಂತ್ವನ ಹೇಳಿದರೂ ಹತ್ತೂ ಬೇಕು. ಮದುವೆಯ ಸಂಬಂಧದ ಬಗ್ಗೆ ಕೇಳಿದಾಗ ಬಲ್ಲವನು ಮುಚ್ಚಿಡುವಂತಿಲ್ಲ. ಹಝ್ರತ್ ಫಾತಿಮ ಬಿಂತ್ ಕೈಸ್(ರ) ತಮಗೆ ಬಂದ ಎರಡು ಸಂಬಂಧಗಳ ಕುರಿತು ಹೇಳಿದಾಗ, ಒಬ್ಬರ ಕಠಿಣ ಸ್ವಭಾವವನ್ನೂ ಇನ್ನೊಬ್ಬರ ಬಡತನವನ್ನೂ ಪ್ರವಾದಿವರ್ಯರು(ಸ) ಬಿಚ್ಚಿ ಹೇಳಿ, ಉಸಾಮರನ್ನು(ರ) ಮದುವೆಯಾಗಲು ಸೂಚಿಸಿದರು. ‘ಅಯ್ಯೋ, ಒಳ್ಳೆಯವರೇ ಬಿಡಿ’ ಎಂದು ನುಣುಚಿಕೊಳ್ಳುವ ನಮ್ಮ ರೂಢಿ ಅದಲ್ಲ.

ಇನ್ನೊಮ್ಮೆ ಪ್ರವಾದಿವರ್ಯರು(ಸ), ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದೆಂದು ಕೇಳಿದರು. ಜನರು ಕಾಡುಮರಗಳನ್ನು ನೆನೆಯತೊಡಗಿದರು. ಇಬ್ನು ಉಮರ್‌ಗೆ(ರ) ಖರ್ಜೂರದ ಮರವೆಂದು ಹೊಳೆದಿತ್ತು. ಹಿರಿಯರಿದ್ದಾರೆಂದು ಸಂಕೋಚದಿಂದ ಸುಮ್ಮನಾದರು. ಆಮೇಲೆ ತಂದೆಗೆ ತಿಳಿಸಿದಾಗ, ನೀನು ಅಲ್ಲೇ ಹೇಳಿದ್ದರೆ ನನಗೆಷ್ಟು ಪ್ರಿಯವಾಗುತ್ತಿತ್ತು ಎಂದರು ಹಝ್ರತ್ ಉಮರ್(ರ). ನಮ್ಮ ಜಮಾಅತ್ ಸಭೆಗಳಲ್ಲಿ ಇಂಥ ಹುಡುಗರು ಗೋಡೆಗೆ ಒರಗಿ ಕೊನೆಯ ಸಾಲಿನಲ್ಲಿ ಕುಳಿತಿರುತ್ತಾರೆ. ಮುಂದಿನ ಸಲ ಮುತವಲ್ಲಿ ಸಾಹೇಬರು ಅವರನ್ನು ಹೆಸರು ಹಿಡಿದು ಕೇಳಲಿ.