ಕೈಗಾರಿಕಾ ಅನಿಲ ವಿಶ್ಲೇಷಕ: ಸಂರಚನೆ ಮತ್ತು ಔಟ್‌ಪುಟ್ ಚರಾಂಶಗಳು

ಅರ್ಥ: ಚಿಮಣಿ ಅನಿಲದ ಘಟಕಗಳನ್ನು ನಿರಂತರವಾಗಿ ಅಳೆಯುವ ಉಪಕರಣ.

ಇಂಥ ಅಳತೆ ಬೇಕಾಗುವ ಸ್ಥಳೀಯ ಉದಾಹರಣೆ: ರಾಮನಗರ ತಾಲ್ಲೂಕಿನ ಬಿಡದಿಯಲ್ಲಿರುವ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿಎಲ್), ಕಸದಿಂದ ವಿದ್ಯುತ್ ಉತ್ಪಾದಿಸುವ 11.5 ಮೆಗಾವ್ಯಾಟ್ ಘಟಕ.

1. ಸಂರಚನಾ ಚರಾಂಶಗಳು (ಬಳಕೆದಾರ ನಿಗದಿಪಡಿಸುವವು)
- ಅಳತೆಯ ವ್ಯಾಪ್ತಿ, ಏಕಮಾನ
- ಸರಾಸರಿ ಅವಧಿ, ಅಲಾರಂ ಮಿತಿ
- ಉಪಕರಣವನ್ನು ಹೊಂದಿಸಲು (ಕ್ಯಾಲಿಬ್ರೇಷನ್) ಬಳಸುವ ಝೀರೋ, ಸ್ಪ್ಯಾನ್ ಅನಿಲಗಳ ಮೌಲ್ಯ

2. ಔಟ್‌ಪುಟ್ ಚರಾಂಶಗಳು (ಉಪಕರಣ ನೀಡುವವು)
- ಅನಿಲ ಸಾಂದ್ರತೆ, ಆಮ್ಲಜನಕದ ಶೇಕಡಾವಾರು
- ಅಲಾರಂ, ದೋಷ ಸ್ಥಿತಿ
- 4–20 ಮಿಲಿಆಂಪ್ ಸಂಕೇತ ಅಥವಾ ಮಾಡ್‌ಬಸ್ ದತ್ತಾಂಶ

3. ಲೆಕ್ಕ
- ವ್ಯಾಪ್ತಿ 0–200 ಪಿಪಿಎಂ, ಸಂಕೇತ 12 ಮಿಲಿಆಂಪ್: (12−4) ÷ 16 × 200 = 100 ಪಿಪಿಎಂ.
- ಶೇ. 11 ಆಮ್ಲಜನಕಕ್ಕೆ ತಿದ್ದುಪಡಿ: ಅಳತೆ × (21−11) ÷ (21−ಅಳೆದ ಆಮ್ಲಜನಕ). ಅಳತೆ 40, ಆಮ್ಲಜನಕ ಶೇ. 13 ಇದ್ದರೆ ತಿದ್ದಿದ ಮೌಲ್ಯ 50.

4. ಗೊಂದಲದ ಅಂಶಗಳು
- 4 ಮಿಲಿಆಂಪ್ ಎಂದರೆ ಶೂನ್ಯ ಅಳತೆ. 0 ಮಿಲಿಆಂಪ್ ಎಂದರೆ ತಂತಿ ಕಡಿತ ಅಥವಾ ದೋಷ.
- ಝೀರೋ ತಳಬಿಂದುವನ್ನು ಸರಿಪಡಿಸುತ್ತದೆ, ಸ್ಪ್ಯಾನ್ ಇಳಿಜಾರನ್ನು.
- ಇಂಗಾಲದ ಮಾನಾಕ್ಸೈಡ್‌ಗೆ ಅವಕೆಂಪು ವಿಧಾನ. ಆಮ್ಲಜನಕಕ್ಕೆ ಜಿರ್ಕೋನಿಯಾ ಅಥವಾ ಪ್ಯಾರಾಮ್ಯಾಗ್ನೆಟಿಕ್ ವಿಧಾನ. ಆಮ್ಲಜನಕ ಅವಕೆಂಪು ಕಿರಣವನ್ನು ಹೀರುವುದಿಲ್ಲ.

5. ನೆನಪಿಡಿ: ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 ನಿಗದಿಪಡಿಸಿದ್ದ ದಹನ ಘಟಕಗಳ ಮಿತಿ (ಮಿ.ಗ್ರಾಂ/ಘನ ಮೀಟರ್): ಕಣಗಳು 50, ಗಂಧಕದ ಡೈಆಕ್ಸೈಡ್ 200, ಸಾರಜನಕದ ಆಕ್ಸೈಡ್‌ಗಳು 400. ಎಲ್ಲವೂ ಒಣ ಅನಿಲದಲ್ಲಿ, ಶೇ. 11 ಆಮ್ಲಜನಕಕ್ಕೆ ತಿದ್ದಿದ ಮೌಲ್ಯಗಳು.