ಟರ್ಬೊ ಬದಲಿಸುವ ಮುನ್ನ ಒಂದು ಪರೀಕ್ಷೆ

"ಗಾಡಿ ಎಳೀತಿಲ್ಲ." ಹಳೆಯ ಕಾರಿನ ಮಾಲೀಕರು ಗ್ಯಾರೇಜಿಗೆ ಹೋಗಿ ಹೇಳುವುದು ಸಾಮಾನ್ಯವಾಗಿ ಇಷ್ಟೇ. ದೂರು ಒಂದೇ ಆದರೂ ಅದರ ಬಿಲ್ಲು ಎಷ್ಟು ಬೇಕಾದರೂ ಆಗಬಹುದು. ಕಟ್ಟಿಕೊಂಡ ಏರ್ ಫಿಲ್ಟರ್ ಆಗಿದ್ದರೆ ಕೆಲವು ನೂರು ರೂಪಾಯಿ. ಟರ್ಬೊ ಎಂದಾದರೆ ಅರ್ಧ ಲಕ್ಷ. ಎಂಜಿನ್ ಬಿಚ್ಚಿ ಕಟ್ಟಬೇಕೆಂದರೆ ಕಾರಿಗೆ ಕೊಟ್ಟ ಬೆಲೆಯ ಅರ್ಧದಷ್ಟು. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಇದರಲ್ಲಿ ಯಾವ ಬಿಲ್ಲು ಬರುತ್ತದೆ ಎನ್ನುವುದು ಸಣ್ಣ ವಿಷಯವಲ್ಲ.

ಈ ಅಂಕಣಕಾರನ ಮನೆಯಲ್ಲಿರುವುದು 2014ರ ಡೀಸೆಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಾಗಲೇ ಲಕ್ಷ ಕಿಲೋಮೀಟರ್ ದಾಟಿತ್ತು. ಮಂಗಳೂರಿನಿಂದ ಬೆಂಗಳೂರಿಗೆ ಮರಳುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದ ಮೇಲೆ ಅದರ ದಮ್ಮು ಕಟ್ಟಿತು. ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಬೇಕಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದೆ ಕಪ್ಪು ಹೊಗೆ, ಮುಂದೆ ಬಾನೆಟ್ಟಿನೊಳಗಿಂದ ಬುಸುಗುಡುವ ಸದ್ದು. ಸಕಲೇಶಪುರ ದಾಟಿ ಸಮತಟ್ಟಾದ ರಸ್ತೆಗೆ ಬಂದಾಗ ಕಾರು ತಕ್ಕಮಟ್ಟಿಗೆ ಓಡಿತು. ಸಮತಟ್ಟಿನಲ್ಲಿ ಓಡಿ ಏರಿನಲ್ಲಿ ಸೋಲುವುದು ಮುಖ್ಯವಾದ ಸುಳಿವು.

ಬೆಂಗಳೂರಿನ ಗ್ಯಾರೇಜೊಂದರಲ್ಲಿ ಹೊಗೆ ನೋಡಿದ ಕೂಡಲೇ ತೀರ್ಪು ಬಂತು: ಟರ್ಬೊ ಹೋಗಿದೆ, 55 ಸಾವಿರ. ಯಾವ ಆಧಾರದ ಮೇಲೆ ಎಂದು ಕೇಳಿದರೆ, "ಈ ವಯಸ್ಸಿಗೆ ಹೋಗೇ ಹೋಗುತ್ತೆ" ಎಂಬ ಉತ್ತರ. ಅಂಕಣಕಾರ ಗಾಡಿಯನ್ನು ಅಲ್ಲಿ ಬಿಡಲಿಲ್ಲ. ಬಿಡಿಭಾಗ ಬದಲಿಸುವ ಮೊದಲು ಪರೀಕ್ಷೆ ಮಾಡುವ, ಅದಕ್ಕೆ ಪ್ರತ್ಯೇಕ ಹಣ ಪಡೆಯುವ ಇನ್ನೊಬ್ಬ ಮೆಕ್ಯಾನಿಕ್ಕರ ಬಳಿಗೆ ಒಯ್ದ.

ಅವರು ಮೊದಲು ಸ್ಕ್ಯಾನರ್ ಹಾಕಿದರು. ನಮ್ಮಲ್ಲಿ ಬಿಎಸ್ 4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ 2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾಯಿತು. ಸ್ಟೀರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸಾಧನ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ಓದಿಕೊಳ್ಳಬಹುದು. ಅಂಕಣಕಾರನ ಕಾರು ತೋರಿಸಿದ್ದು ಪಿ 0299 ಎಂಬ ಸಂಕೇತ. ಟರ್ಬೊ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಎಂಜಿನ್ನಿನ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಸಿಗುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಒತ್ತಡ ಹುಟ್ಟುತ್ತಲೇ ಇಲ್ಲವೋ ಹುಟ್ಟಿ ಸೋರುತ್ತಿದೆಯೋ ಎಂಬುದನ್ನು ಮನುಷ್ಯರೇ ಹುಡುಕಬೇಕು. ಹಣ ಉಳಿಯುವುದೂ ಹೋಗುವುದೂ ಈ ಹಂತದಲ್ಲೇ.

ಹುಡುಕಿದ ಕ್ರಮ ಸರಳವಾಗಿತ್ತು. ಟರ್ಬೊದ ಒಳಬದಿಯ ಪೈಪು ಕಳಚಿ, ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಅಲುಗಾಡಿಸಿ ನೋಡಿದರು. ಸಲೀಸಾಗಿ ತಿರುಗಿತು, ಅಂಚು ಎಲ್ಲೂ ಉಜ್ಜಿರಲಿಲ್ಲ. ಅಲ್ಲಿಗೆ 55 ಸಾವಿರದ ಮಾತು ಬಹುಪಾಲು ಬಿದ್ದುಹೋಯಿತು. ಆಮೇಲೆ ಗಾಳಿಯ ದಾರಿಯನ್ನು ಎರಡೂ ತುದಿಯಲ್ಲಿ ಮುಚ್ಚಿ, ಹೊರಗಿನಿಂದ ಒತ್ತಡ ಕೊಟ್ಟು, ಸೋಪಿನ ನೀರು ಚಿಮುಕಿಸಿದರು. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಕೆಳಮೈಯಲ್ಲಿ ಗುಳ್ಳೆಗಳೆದ್ದವು. ಕ್ಲಿಪ್ಪಿನ ಪಕ್ಕದಲ್ಲೇ ಉದ್ದನೆಯ ಸೀಳು. ಎಂಜಿನ್ ಸುಮ್ಮನೆ ಓಡುವಾಗ ಆ ಸೀಳು ಮುಚ್ಚಿಕೊಂಡಿರುತ್ತದೆ, ಏರಿನಲ್ಲಿ ಒತ್ತಡ ಹೆಚ್ಚಿದಾಗ ಬಾಯಿ ಬಿಡುತ್ತದೆ. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಆಗಲೇ ಲೆಕ್ಕ ಹಾಕಿರುವುದರಿಂದ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಡೀಸೆಲ್ ಬಿಡುತ್ತದೆ. ಗಾಳಿ ಮಾತ್ರ ಅರ್ಧ ದಾರಿಯಲ್ಲೇ ಸೋರಿಹೋಗಿರುತ್ತದೆ. ಪೂರ್ತಿ ಉರಿಯದ ಡೀಸೆಲ್ಲೇ ಆ ಕಪ್ಪು ಹೊಗೆ. ಹೋಸು, ಹೊಸ ಕ್ಲಿಪ್ಪು, ಕೂಲಿ, ಪರೀಕ್ಷೆಯ ಶುಲ್ಕ ಎಲ್ಲ ಸೇರಿ ಮೂರೂವರೆ ಸಾವಿರ ರೂಪಾಯಿ ಆಯಿತು.

ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಎನ್ನುವುದು ಅಂಕಣಕಾರನ ಅಭಿಪ್ರಾಯವಲ್ಲ. ನಾವು ಬಿಡಿಭಾಗಕ್ಕೆ ಚೌಕಾಸಿ ಮಾಡದೆ ಕೊಡುತ್ತೇವೆ, ಒಂದು ಗಂಟೆ ತಲೆ ಓಡಿಸಿದ್ದಕ್ಕೆ ಐನೂರು ಕೇಳಿದರೆ "ನೋಡಿದ್ದಕ್ಕೂ ದುಡ್ಡಾ?" ಎನ್ನುತ್ತೇವೆ. ಹೀಗಿರುವಾಗ ಗ್ಯಾರೇಜಿನ ಆದಾಯ ಬಿಡಿಭಾಗದ ಲಾಭದಲ್ಲಿ ನಿಂತಿರುವುದು ಸಹಜ. ಹಳೆಯ ಕಾರು ಇಟ್ಟುಕೊಂಡವರು ಪರೀಕ್ಷೆಯ ಶುಲ್ಕವನ್ನು ಸಂತೋಷದಿಂದ ಕೊಡಬೇಕು, ಏನನ್ನು ಅಳೆದರು ಎಂದು ಕೇಳಿ ಬರೆಸಿಕೊಳ್ಳಬೇಕು.

ಕಾಸಿಲ್ಲದೆ ಆಗುವ ಪರೀಕ್ಷೆಗಳೂ ಇವೆ. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಜಾರುತ್ತಿರುವುದು ಕ್ಲಚ್, ಎಂಜಿನ್ನಿನ ತಪ್ಪಿಲ್ಲ. ಹೆಚ್ಚು ಬ್ರೇಕ್ ಹಿಡಿಯದೆ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರನ್ನು ಮಂಗಳೂರಿನಿಂದ ಬೆಂಗಳೂರಿಗೆ ತಂದವರು ಇನ್ನೊಂದು ವಿಷಯ ನೆನಪಿಡಬೇಕು. ಪ್ರತಿ 300 ಮೀಟರ್ ಎತ್ತರಕ್ಕೆ ಇಂಥ ಎಂಜಿನ್ನಿನ ಶಕ್ತಿ ಸುಮಾರು ಶೇ 3ರಷ್ಟು ಕುಗ್ಗುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿ ತೆಳುವಾದದ್ದಕ್ಕೆ ಯಾವ ಬಿಡಿಭಾಗವೂ ಮದ್ದಲ್ಲ.

ಫಿಲ್ಟರುಗಳ ಬಗ್ಗೆ ಒಂದು ಹಳೆಯ ನಂಬಿಕೆ ತಿದ್ದಬೇಕಿದೆ. ಏರ್ ಫಿಲ್ಟರ್ ಕಟ್ಟಿದರೆ ಮೈಲೇಜ್ ಬೀಳುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಮೈಲೇಜ್ ಗಮನಾರ್ಹವಾಗಿ ಬದಲಾಗಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಆದ್ದರಿಂದ ಮೈಲೇಜ್ ಸರಿಯಾಗಿದ್ದು ಪಿಕಪ್ ಕಡಿಮೆಯಾದ ಪೆಟ್ರೋಲ್ ಕಾರಿನಲ್ಲಿ ಮೊದಲು ತೆರೆಯಬೇಕಾದದ್ದು ಏರ್ ಫಿಲ್ಟರಿನ ಪೆಟ್ಟಿಗೆ. ಡೀಸೆಲ್ಲಿನಲ್ಲಿ ಇಂಧನ ಫಿಲ್ಟರಿಗೂ ಅಷ್ಟೇ ಆದ್ಯತೆ, ಮಳೆಗಾಲದಲ್ಲಿ ಅದರ ತಳದ ನೀರನ್ನೂ ಬಸಿಯಬೇಕು.

ಈಚೆಗೆ ಹಳೆಯ ಪೆಟ್ರೋಲ್ ಕಾರುಗಳವರೆಲ್ಲ ಪೆಟ್ರೋಲಿಗೆ ಬೆರೆಸುವ ಶೇ 20ರ ಎಥೆನಾಲನ್ನು ದೂರುತ್ತಾರೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇರುವುದು ನಿಜ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದರೆ ಕಾರು ಏರಿನಲ್ಲಿ ನಿಂತೇಬಿಡುತ್ತದೆ ಎಂದರೆ ಕಾರಣ ಬೇರೆ ಕಡೆ ಇದೆ. ಎಂಜಿನ್ನಿನಲ್ಲಿ ಮಿಸ್ಸಿಂಗ್ ಇದ್ದರೆ ಒಂದು ಸಿಲಿಂಡರಿನ ಇಗ್ನಿಷನ್ ಕಾಯಿಲ್ ತೆಗೆದು ಇನ್ನೊಂದಕ್ಕೆ ಹಾಕಬೇಕು. ದೋಷ ಅದರ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಶಕ್ತಿ ಬರದಿದ್ದರೆ ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 15 ಮೀರಿದರೆ ಚಿಂತಿಸುವಂಥದ್ದೇ. ಪೆಟ್ರೋಲ್ ಎಂಜಿನ್ನಾದರೆ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕಾರನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಲೆಕ್ಕ ಬರಬೇಕಾದದ್ದು ಈ ಅಂಕಿ ಕೈಗೆ ಬಂದ ಮೇಲೆ. 15 ವರ್ಷ ಸಮೀಪಿಸಿದ ಕಾರಾದರೆ ನೋಂದಣಿ ನವೀಕರಣವನ್ನೂ ಸೇರಿಸಿಕೊಳ್ಳಬೇಕು, 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು.

ಹಳೆಯ ಕಾರು ಕೊಳ್ಳಲು ಹೊರಟವರಿಗೆ ಅದೇ ಬ್ಲೂಟೂತ್ ಸಾಧನ ಇನ್ನೊಂದು ಕೆಲಸಕ್ಕೆ ಬರುತ್ತದೆ. ದೋಷದ ಸಂಕೇತಗಳನ್ನು ಮಾರುವವರು ಅಳಿಸಿಬಿಡಬಹುದು. ಆದರೆ ಅಳಿಸಿದ ಮೇಲೆ ಕಾರು ತನ್ನ ಸ್ವಯಂ ತಪಾಸಣೆಗಳನ್ನು ಮೊದಲಿನಿಂದ ಮುಗಿಸಬೇಕಾಗುತ್ತದೆ, ಅವು ಅಪೂರ್ಣ ಎಂದು ಮೊಬೈಲ್ ತೋರಿಸುತ್ತದೆ. ಅನೇಕ ಕಾರುಗಳಲ್ಲಿ ಸಂಕೇತ ಅಳಿಸಿದ ನಂತರ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಸಿಗುತ್ತದೆ. ಎಂಬತ್ತು ಸಾವಿರ ಓಡಿದ ಗಾಡಿ ಅಳಿಸಿ ಹನ್ನೆರಡೇ ಕಿಲೋಮೀಟರ್ ಆಗಿದೆ ಎಂದು ತೋರಿಸಿದರೆ ಯಾಕೆ ಎಂದು ಕೇಳಬೇಕು. ಬ್ಯಾಟರಿ ಬದಲಿಸಿದ್ದೂ ಕಾರಣವಿರಬಹುದು, ಹಾಗಿದ್ದರೆ ಬ್ಯಾಟರಿಯ ಬಿಲ್ಲು ಇರುತ್ತದೆ. ಬಿಲ್ಲು ಇಲ್ಲವೆಂದರೆ ಒಂದು ವಾರ ಓಡಿಸಿ ಮತ್ತೆ ತೋರಿಸಲು ಹೇಳಿ, ಮುಂಗಡದ ಹಣವನ್ನು ಅಲ್ಲಿಯವರೆಗೆ ಕೊಡದಿರುವುದು ಕ್ಷೇಮ.