ಅಂಗಡಿಗೆ ಇಂಟರ್ನ್ ಬೇಕೆ? ಮೊದಲು ಕೆಲಸ ಗೊತ್ತುಮಾಡಿ

ಮುಧೋಳದ ಬೀಜ-ಗೊಬ್ಬರದ ಅಂಗಡಿ, ರಬಕವಿ-ಬನಹಟ್ಟಿಯ ಸೀರೆ ತಯಾರಕರು, ಜಮಖಂಡಿಯ ಬೆಲ್ಲದ ವ್ಯಾಪಾರಿ, ಯಾರನ್ನೇ ಕೇಳಿ: ‘ಕಂಪ್ಯೂಟರ್ ಬಲ್ಲ ಹುಡುಗ ಒಬ್ಬ ಇದ್ದಿದ್ರ ಚಲೋ ಇತ್ತು’ ಎನ್ನುತ್ತಾರೆ. ಅತ್ತ ನಮ್ಮ ಕಾಲೇಜುಗಳ ಮಕ್ಕಳು ಇಂಟರ್ನ್‌ಶಿಪ್‌ಗಾಗಿ ಹುಬ್ಬಳ್ಳಿ, ಬೆಂಗಳೂರು ಎಂದು ಅಲೆಯುತ್ತಿದ್ದಾರೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ ದೊಡ್ಡ ಕಂಪನಿಗಳಿಗಾಗಿ ಇರುವಂಥದ್ದು. ಸಣ್ಣ ವ್ಯಾಪಾರಸ್ಥರು ತಾವೇ ಕಾಲೇಜಿನ ಬಾಗಿಲು ತಟ್ಟಬೇಕು.

ಮುಗಿಯುವಂಥ ಒಂದು ಕೆಲಸ

‘ಬರಲಿ, ಏನಾದರೂ ಮಾಡಿಕೊಂಡಿರಲಿ’ ಎಂದು ಕರೆದರೆ ಆ ಹುಡುಗ ಚಹಾ ತರುವುದರಲ್ಲೇ ತಿಂಗಳು ಕಳೆಯುತ್ತಾನೆ. ಎಂಟು ವಾರದಲ್ಲಿ ಶುರುವಾಗಿ ಮುಗಿಯುವ ಒಂದೇ ಒಂದು ಕೆಲಸವನ್ನು ಕಾಗದದ ಮೇಲೆ ಬರೆಯಿರಿ. ಬರೆಯಲು ಬಾರದಿದ್ದರೆ ಇಂಟರ್ನ್ ಕರೆಯುವ ಕಾಲ ಇನ್ನೂ ಬಂದಿಲ್ಲ ಎಂದೇ ತಿಳಿಯಿರಿ.

ಗೊಬ್ಬರದ ಅಂಗಡಿಯ ಉದ್ರಿ ವಹಿಯನ್ನೇ ತೆಗೆದುಕೊಳ್ಳಿ. ‘ಕಬ್ಬಿನ ಬಿಲ್ ಬಂದ ಮ್ಯಾಲ ಕೊಡ್ತೀನ್ರಿ ಸಾವ್ಕಾರ್ರ’ ಎಂದು ರೈತರು ಹೇಳಿಹೋಗುತ್ತಾರೆ. ವಹಿಯಲ್ಲಿ ಮಾತ್ರ ಹೆಸರು, ಮೊತ್ತ ಎರಡೇ ಇರುತ್ತವೆ. ಬಿ.ಕಾಂ. ಓದುವ ಹುಡುಗಿಗೆ ಇದನ್ನು ಎಕ್ಸೆಲ್‌ಗೆ ಏರಿಸಲು ಹೇಳಿ. ಹೆಸರು, ಊರು, ತಾರೀಖು, ಮೊತ್ತದ ಜೊತೆಗೆ ಇನ್ನೆರಡು ಕಾಲಂ ಇರಲಿ: ಕಬ್ಬು ಯಾವ ಫ್ಯಾಕ್ಟರಿಗೆ ಹೋಯಿತು, ಯಾವಾಗ ಹೋಯಿತು. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ತಡವಾಗುವುದೂ ಉಂಟು, ಆ ಕಷ್ಟ ರೈತರಿಗೇ ಗೊತ್ತು. ಆದರೂ ಈ ಎರಡು ಕಾಲಂ ಇದ್ದರೆ ಯಾರನ್ನು ಯಾವ ವಾರ ಕೇಳಬೇಕು, ಯಾರಿಗೆ ಇನ್ನಷ್ಟು ಸಮಯ ಕೊಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ.

ಸೀರೆಯವರಿಗಾದರೆ ಕ್ಯಾಟಲಾಗ್. ಬೆಳಗಿನ ಬೆಳಕಿನಲ್ಲಿ ಸೀರೆ ಹರಡಿ ಸೆರಗು, ಒಡಲು, ದಡಿಗೆ ಒಂದೊಂದು ಫೋಟೊ ತೆಗೆಯಬೇಕು. ನಂಬರು, ನೂಲು, ಉದ್ದ, ರವಿಕೆ ಕಣ ಇದೆಯೋ ಇಲ್ಲವೋ, ದರ, ಎಲ್ಲವನ್ನೂ ಬರೆದಿಡಬೇಕು. ಮಗ್ಗದ ಮುಂದೆ ಒಂದು ದಿನ ಕೂತು ನೋಡದವರಿಗೆ ಈ ಕೆಲಸ ಒಪ್ಪಿಸಬೇಡಿ. ಕೈಮಗ್ಗದ್ದು ಯಾವುದು, ಪವರ್‌ಲೂಮ್‌ದು ಯಾವುದು ಎಂದು ತಿಳಿಯದೆ ಬರೆದರೆ ಗಿರಾಕಿಗೆ ಮೋಸ ಮಾಡಿದಂತಾಗುತ್ತದೆ.

ಕಾಲೇಜಿಗೆ ಹೋಗಿ, ಪತ್ರ ಕೊಡಿ

ಬಾಗಲಕೋಟ ವಿಶ್ವವಿದ್ಯಾಲಯ ಇರುವುದೇ ಜಮಖಂಡಿಯಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜೂ ಅಲ್ಲಿದೆ. ನಿಮಗೆ ಹತ್ತಿರದ ಕಾಲೇಜಿನ ಪ್ರಾಂಶುಪಾಲರನ್ನೋ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಅಧ್ಯಾಪಕರನ್ನೋ ಕಂಡು, ಕೆಲಸದ ಚೀಟಿ ಕೊಟ್ಟು ಬನ್ನಿ. ಪರೀಕ್ಷೆಯ ತಾರೀಖು ಕೇಳಿಕೊಳ್ಳಿ. ಕೋರ್ಸಿಗೆ ಎಷ್ಟು ತಾಸಿನ ಇಂಟರ್ನ್‌ಶಿಪ್ ಬೇಕು, ಹಾಜರಿ ಹೇಗೆ ಕೊಡಬೇಕು ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಬಂದವರಿಗೆ ಅಂಕಪಟ್ಟಿ ಕೇಳುವ ಬದಲು ವಹಿಯ ಒಂದು ಪುಟ ಕೊಟ್ಟು, ಅರ್ಧ ತಾಸಿನಲ್ಲಿ ಏರಿಸಲು ಹೇಳಿ ನೋಡಿ. ತಿಳಿಯದ್ದನ್ನು ಬಾಯಿಬಿಟ್ಟು ಕೇಳುವವರನ್ನೇ ಆರಿಸಿ.

ಒಪ್ಪಿದ ಮೇಲೆ ಒಂದು ಪುಟದ ಪತ್ರ ಆಗಲಿ: ಕೆಲಸ, ಅವಧಿ, ವೇಳೆ, ರಜೆ, ಗೌರವಧನ, ಕೆಲಸ ಹೇಳಿಕೊಡುವವರ ಹೆಸರು. ಮಾಲಕರ, ವಿದ್ಯಾರ್ಥಿಯ, ಕಾಲೇಜಿನ ಸಹಿ ಇರಲಿ.

ಗೌರವಧನ

ಪುಕ್ಕಟೆ ದುಡಿಸಿಕೊಳ್ಳಬೇಡಿ. ಬೀಳಗಿಯ ಹಳ್ಳಿಯಿಂದ ಬರುವ ಹುಡುಗನಿಗೆ ಬಸ್ಸು, ಊಟದ ಖರ್ಚೇ ಭಾರ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಉಳಿಯುತ್ತದೆ ನಿಜ, ಹಾಗೆಂದು ಅವರ ದುಡಿಮೆಯ ಬೆಲೆ ಕಡಿಮೆಯಾಗುವುದಿಲ್ಲ. ಮೊತ್ತ ಸಣ್ಣದಿದ್ದರೂ ತಪ್ಪದೆ, ಬ್ಯಾಂಕ್ ಖಾತೆಗೇ ಹಾಕಿ.

ಓದು ಮುಗಿಸಿದವರನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ದಾರಿ ಬೇರೆ. ಅದು 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವ ಶಿಶಿಕ್ಷು ತರಬೇತಿ. ನಾಲ್ಕು ಅಥವಾ ಹೆಚ್ಚು ಕೆಲಸಗಾರರಿರುವವರು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು. ಅಲ್ಲಿ ಸ್ಟೈಪೆಂಡಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೊತ್ತವಿದೆ, ಸರ್ಕಾರದ ಪಾಲೂ ಸಿಗುತ್ತದೆ.

ಕೆಲಸ ಶುರುವಾದ ಮೇಲೆ

ಮೊದಲ ವಾರ ಏನೂ ಒಪ್ಪಿಸದೆ ವ್ಯಾಪಾರ ತೋರಿಸಿ: ಮಾಲು ಎಲ್ಲಿಂದ ಬರುತ್ತದೆ, ಬಿಲ್ ಹೇಗೆ ಆಗುತ್ತದೆ, ದರ ಯಾರು ಕಟ್ಟುತ್ತಾರೆ. ಆಮೇಲೆ ದಿನಾ ಸಂಜೆ ಹದಿನೈದು ನಿಮಿಷ ಪಕ್ಕದಲ್ಲಿ ಕೂತು ಮಾಡಿದ್ದನ್ನು ನೋಡಿ. ಈ ಹದಿನೈದು ನಿಮಿಷ ತಪ್ಪಿದ ಕಡೆಯೇ ಇಂಟರ್ನ್‌ಶಿಪ್ ಕೆಡುವುದು. ಕಬ್ಬಿನ ಹಂಗಾಮಿನಲ್ಲೋ ಮದುವೆ ಸುಗ್ಗಿಯಲ್ಲೋ ನಿಮಗೆ ಅಷ್ಟೂ ಬಿಡುವಿಲ್ಲದಿದ್ದರೆ ಆ ತಿಂಗಳು ಕರೆಯಲೇಬೇಡಿ. ತಪ್ಪಾದರೆ ಗಿರಾಕಿಗಳ ಎದುರು ಗದರಬೇಡಿ, ಸಂಜೆಯ ಆ ವೇಳೆಯಲ್ಲಿ ತಿದ್ದಿ.

ಉದ್ರಿ ಪಟ್ಟಿ ಅಂಗಡಿಯ ಕಂಪ್ಯೂಟರಿನಲ್ಲೇ ಇರಲಿ, ಇಂಟರ್ನ್ ಮೊಬೈಲಿಗೆ ಹೋಗಬಾರದು. ಬ್ಯಾಂಕ್ ಒಟಿಪಿ, ಯುಪಿಐ ಪಿನ್, ಜಿಎಸ್‌ಟಿ ಪಾಸ್‌ವರ್ಡ್ ಕೊಡಬೇಡಿ. ಕೊನೆಯ ಬಸ್ಸಿನ ವೇಳೆ ನೋಡಿ ಕೆಲಸ ಬಿಡಿಸಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಇದನ್ನು ಮೊದಲ ದಿನವೇ ತಿಳಿಸಿ.

ಕೊನೆಯ ವಾರ ಹೊಸ ಕೆಲಸ ಹಚ್ಚಬೇಡಿ. ಫೈಲು ಎಲ್ಲಿದೆ, ಹೇಗೆ ಮುಂದುವರಿಸಬೇಕು ಎಂದು ಅಂಗಡಿಯ ಒಬ್ಬರಿಗೆ ಇಂಟರ್ನ್ ಕಡೆಯಿಂದಲೇ ಕಲಿಸಿರಿ. ಪ್ರಮಾಣಪತ್ರದಲ್ಲಿ ‘ತೃಪ್ತಿಕರ’ ಎಂದಷ್ಟೇ ಬರೆಯದೆ, ಎಷ್ಟು ಖಾತೆ ಏರಿಸಿದರು, ಎಷ್ಟು ಸೀರೆಯ ಕ್ಯಾಟಲಾಗ್ ಮಾಡಿದರು ಎಂದು ಲೆಕ್ಕಸಹಿತ ಬರೆಯಿರಿ. ಮುಂದಿನ ಸಂದರ್ಶನದಲ್ಲಿ ಅವರನ್ನು ಕೇಳುವುದು ಅದನ್ನೇ.